ಕವಿಯನ್ನೇ ಕರೆಸಿದವರು, ಕವಿಯಂತ್ರವನ್ನು ಕಟ್ಟಿದವರು

ವಿಜ್ಞಾನಕಲ್ಪನೆಯ ಸಾಹಿತ್ಯವೆಂದೊಡನೆ ಗಗನನೌಕೆಗಳೂ ಅನ್ಯಗ್ರಹದ ಜೀವಿಗಳೂ ನಮ್ಮ ಕಣ್ಣಮುಂದೆ ನಿಲ್ಲುವುದು ಸಹಜವೇ ಸರಿ. ಆದರೆ ಆ ಸಾಹಿತ್ಯದ ಅತ್ಯಂತ ಪ್ರಾಚೀನವಾದ ಶಾಖೆಯೊಂದು ಪಂಡಿತಸಭೆಯ ಗರ್ವವನ್ನು ಪರೀಕ್ಷಿಸಬೇಕೆಂಬ ಇಚ್ಛೆಯಿಂದ ಹುಟ್ಟಿತೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಈ ಶಾಖೆಯ ಲೇಖಕರು ಚಂದ್ರಮಂಡಲಕ್ಕೆ ಏರಿದರೂ, ಅಂತರಿಕ್ಷದಲ್ಲಿ ದ್ವೀಪವೊಂದನ್ನು ತೇಲಿಸಿದರೂ, ಪದ್ಯ ರಚಿಸುವ ಯಂತ್ರವನ್ನು ಜೋಡಿಸಿದರೂ, ಅವರ ದೃಷ್ಟಿ ನೆಟ್ಟಿದ್ದುದು ಭೂಮಿಯ ಮೇಲಣ ಭಾಷ್ಯಕಾರರ, ವಿಮರ್ಶಕರ, ವಿದ್ಯಾಪೀಠಗಳ ಮೇಲೆ. ಹದಿನೆಂಟು ಶತಮಾನಗಳಿಗೂ ಮಿಕ್ಕ ಈ ಇತಿಹಾಸದಲ್ಲಿ ಎರಡು ಸಂಪ್ರದಾಯಗಳು ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದಿರುವುದನ್ನು ಕಾಣಬಹುದು. ಗತಿಸಿಹೋದ ಕವಿಯನ್ನೇ ಕರೆಸಿ ಅವನ ಕಾವ್ಯದ ವಿಷಯವಾಗಿ ಅವನನ್ನೇ ವಿಚಾರಿಸುವುದು ಒಂದು. ಕವಿಯ ಕಾರ್ಯವನ್ನು ಯಂತ್ರಕ್ಕೊಪ್ಪಿಸಿ ಫಲವೇನಾಗುವುದೆಂದು ಕಾದುನೋಡುವುದು ಇನ್ನೊಂದು.

ಈ ಪರಂಪರೆಯ ಆದಿಪುರುಷನು ಲೂಸಿಯನ್. ಕ್ರಿ.ಶ. 2ನೆಯ ಶತಮಾನದಲ್ಲಿ, ರೋಮನ್ ಸಾಮ್ರಾಜ್ಯದ ಪೂರ್ವದಂಚಿನಲ್ಲಿ, ಯೂಫ್ರೆಟಿಸ್ ನದಿಯ ತೀರದ ಸಮೊಸಾಟ ಪಟ್ಟಣದಲ್ಲಿ ಹುಟ್ಟಿದ ಇವನು ಗ್ರೀಕ್ ಭಾಷೆಯನ್ನು ಶ್ರಮದಿಂದ ಸಂಪಾದಿಸಿ, ಆ ಭಾಷೆಯ ಶ್ರೇಷ್ಠ ಗದ್ಯಕಾರರಲ್ಲಿ ಒಬ್ಬನೆನಿಸಿಕೊಂಡನು. ಆಗಿನ ಗ್ರೀಕ್ ವಿದ್ವತ್ಪ್ರಪಂಚ ತನ್ನ ಗತವೈಭವದ ಧ್ಯಾನದಲ್ಲಿ ಮುಳುಗಿದ್ದಿತು. ಐದು ಶತಮಾನಗಳ ಹಿಂದಿನ ಆಥೆನ್ಸಿನ ನುಡಿಯನ್ನು ಲೋಪವಿಲ್ಲದೆ ಅನುಕರಿಸುವುದೇ ಸಂಸ್ಕೃತಿಯ ಲಕ್ಷಣವೆಂದೂ, ಹಳೆಯ ಗ್ರಂಥಗಳಿಂದ ಆಯ್ದ ಮಾತುಗಳನ್ನು ಸಭೆಯಲ್ಲಿ ಉದುರಿಸಬಲ್ಲವನೇ ವಿದ್ವಾಂಸನೆಂದೂ ಜನ ನಂಬಿದ್ದರು. ಊರಿಂದೂರಿಗೆ ಸಂಚರಿಸಿ ಭಾಷಣಮಾಡುವ ವಾಗ್ಮಿಯಾಗಿದ್ದ ಲೂಸಿಯನ್ನನಿಗೆ ಈ ವಿದ್ಯೆಯ ಒಳಹೊರಗುಗಳೆಲ್ಲವೂ ಕರತಲಾಮಲಕವಾಗಿದ್ದುವು.

ಇವನ ‘ಸತ್ಯಕಥೆ’ ಎಂಬ ಗ್ರಂಥ ಎರಡು ಭಾಗಗಳುಳ್ಳದ್ದು. ತಾವು ಕಾಣದ, ಕೇಳದ ಸಂಗತಿಗಳನ್ನು ಇತಿಹಾಸವೆಂದು ಬರೆದ ಪ್ರಾಚೀನರನ್ನು ಪೀಠಿಕೆಯಲ್ಲಿ ಹೆಸರಿಸುತ್ತ, ಅವರ ಪೈಕಿ ನಮ್ಮ ಭಾರತದೇಶವನ್ನು ಕುರಿತು ಗ್ರಂಥ ರಚಿಸಿದ ಕ್ಟೀಸಿಯಸನನ್ನು ಮೊದಲಲ್ಲಿಯೇ ಎಳೆದುತಂದು, ತಾನೂ ಸುಳ್ಳನ್ನೇ ಹೇಳುವೆನೆಂದೂ, ಸುಳ್ಳು ಹೇಳುತ್ತಿರುವೆನೆಂಬ ಈ ಮಾತೊಂದೇ ತನ್ನ ಗ್ರಂಥದಲ್ಲಿನ ಸತ್ಯವೆಂದೂ ಲೂಸಿಯನ್ ಸಾರುತ್ತಾನೆ. ಅಲ್ಲಿಂದ ಮುಂದೆ ಸುಂಟರಗಾಳಿಯೊಂದು ಅವನ ಹಡಗನ್ನು ಸಮುದ್ರದಿಂದ ಮೇಲೆತ್ತಿ, ಏಳು ಹಗಲು ಏಳು ಇರುಳು ಆಕಾಶದಲ್ಲಿ ನಡೆಸಿ, ಎಂಟನೆಯ ದಿನ ಚಂದ್ರನಲ್ಲಿ ಇಳಿಸುತ್ತದೆ. ಅಲ್ಲಿನ ರಾಜನಿಗೂ ಸೂರ್ಯಮಂಡಲದ ರಾಜನಿಗೂ ಶುಕ್ರಗ್ರಹದಲ್ಲಿ ವಸತಿ ಹೂಡುವ ವಿಷಯದಲ್ಲಿ ಯುದ್ಧ ನಡೆದಿರುತ್ತದೆ. ಸೈನ್ಯಗಳ ಲೆಕ್ಕ, ವ್ಯೂಹಗಳ ವಿನ್ಯಾಸ, ಕೊನೆಗೆ ಸಂಧಿಪತ್ರದ ಷರತ್ತುಗಳು, ಎಲ್ಲವೂ ಗಂಭೀರ ಇತಿಹಾಸಕಾರರ ಶೈಲಿಯಲ್ಲಿಯೇ ನಿರೂಪಿತವಾಗಿವೆ. ಚಂದ್ರನಲ್ಲಿ ಸ್ತ್ರೀಯರಿಲ್ಲ, ಮೀನಖಂಡದಿಂದ ಮಕ್ಕಳು ಹುಟ್ಟುತ್ತಾರೆ, ಬೇಕಾದಾಗ ಕಣ್ಣನ್ನು ಕಳಚಿಟ್ಟು ಮತ್ತೆ ತೊಡಬಹುದು, ಬೋಳುತಲೆಯೇ ಅಲ್ಲಿ ಸೌಂದರ್ಯದ ಪರಾಕಾಷ್ಠೆ.

ಆದರೆ ಗ್ರಂಥದ ಹೃದಯವಿರುವುದು ಎರಡನೆಯ ಭಾಗದಲ್ಲಿ, ಪುಣ್ಯಾತ್ಮರು ಮರಣಾನಂತರ ಸೇರುವ ದ್ವೀಪದಲ್ಲಿ. ಅಲ್ಲಿ ಎಲ್ಲ ಮಹನೀಯರೂ ನೆರೆದಿರುವಾಗ ಪ್ಲೇಟೋ ಮಾತ್ರ ಕಾಣುವುದಿಲ್ಲ. ಅವನು ತಾನೇ ಕಲ್ಪಿಸಿದ ಆದರ್ಶರಾಜ್ಯದಲ್ಲಿ ತಾನೇ ರಚಿಸಿದ ಕಟ್ಟಳೆಗಳಿಗೆ ಒಳಗಾಗಿ ವಾಸಿಸುತ್ತಿದ್ದಾನಂತೆ. ಸ್ಟೋಯಿಕ್ ಪಂಥದವರು ಸದ್ಗುಣವೆಂಬ ಕಡಿದಾದ ಬೆಟ್ಟವನ್ನು ಇನ್ನೂ ಏರುತ್ತಲೇ ಇರುವುದರಿಂದ ಬಂದಿಲ್ಲ. ಸಂದೇಹವಾದಿಗಳು ಅಂತಹ ದ್ವೀಪವುಂಟೇ ಇಲ್ಲವೇ ಎಂಬುದನ್ನು ನಿರ್ಣಯಿಸಲಾರದೆ ದಾರಿಯಲ್ಲಿಯೇ ಉಳಿದಿದ್ದಾರೆ. ಹೋಮರನನ್ನು ಕಂಡೊಡನೆ ಪಥಿಕನು ವಿದ್ವಾಂಸರನ್ನು ಶತಮಾನಗಳಿಂದ ಕಾಡಿದ್ದ ಪ್ರಶ್ನೆಗಳನ್ನೆಲ್ಲ ಅವನ ಮುಂದಿಡುತ್ತಾನೆ. ಅವನ ಜನ್ಮಸ್ಥಾನವೆಂಬ ಕೀರ್ತಿಗಾಗಿ ಗ್ರೀಸಿನ ಅನೇಕ ಪಟ್ಟಣಗಳು ಹೋರಾಡುತ್ತಿರುವಾಗ, ತಾನು ಬ್ಯಾಬಿಲೋನಿನವನೆಂದು ಹೋಮರ್ ಹೇಳಿಬಿಡುತ್ತಾನೆ. ಅಲೆಕ್ಸಾಂಡ್ರಿಯದ ಪಂಡಿತರಾದ ಜೆನೊಡೋಟಸನೂ ಅರಿಸ್ಟಾರ್ಕಸನೂ ಪ್ರಕ್ಷಿಪ್ತವೆಂದು ಗುರುತು ಹಾಕಿದ ಪಂಕ್ತಿಗಳು ಯಾರವೆಂದು ಕೇಳಿದರೆ, ಅವೆಲ್ಲವೂ ತನ್ನವೇ ಎನ್ನುತ್ತಾನೆ. ಇಲಿಯಡ್ ಕಾವ್ಯವನ್ನು ಕ್ರೋಧದಿಂದ ಆರಂಭಿಸಿದ ಮರ್ಮವೇನೆಂದು ಕೇಳಿದರೆ, ಆಗ ಅದು ಮನಸ್ಸಿಗೆ ಹೊಳೆಯಿತು, ಉದ್ದೇಶವೇನೂ ಇರಲಿಲ್ಲ ಎಂಬಷ್ಟೇ ಉತ್ತರ. ಹೋಮರ್ ಕುರುಡನೆಂಬುದೂ ಸುಳ್ಳು. ಕಣ್ಣೆದುರಿಗೆ ಕಾಣುತ್ತಿದ್ದುದರಿಂದ ಆ ಪ್ರಶ್ನೆಯನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ಕವಿಯನ್ನೇ ಸಾಕ್ಷಿಯಾಗಿ ಕರೆಸಿದೊಡನೆ ಸಾವಿರಾರು ಪುಟಗಳ ವ್ಯಾಖ್ಯಾನ ಹೀಗೆ ಒಂದು ಸಂಜೆಯ ಸಂಭಾಷಣೆಯಲ್ಲಿ ಕರಗಿಹೋಯಿತು.

ಯೂರೋಪಿನಲ್ಲಿ ಗ್ರೀಕ್ ವಿದ್ಯೆ ಪುನರುಜ್ಜೀವನಗೊಂಡಾಗ ಲೂಸಿಯನ್ನನಿಗೂ ಹೊಸ ಬಾಳು ಬಂದಿತು. ಎರಾಸ್ಮಸನೂ ಥಾಮಸ್ ಮೋರನೂ ಅವನ ಹಲವು ಕೃತಿಗಳನ್ನು ಲ್ಯಾಟಿನಿಗೆ ತಂದು 1506ರಲ್ಲಿ ಪ್ರಕಟಿಸಿದರು. ಗ್ರಹಗತಿಯ ನಿಯಮಗಳನ್ನು ಕಂಡುಹಿಡಿದ ಕೆಪ್ಲರನು ಗ್ರೀಕ್ ಕಲಿಯಲು ಈ ಚಂದ್ರಯಾನದ ಕಥೆಯನ್ನೇ ಓದಿ, ಮುಂದೆ ತಾನೂ ಚಂದ್ರಲೋಕದ ‘ಸ್ವಪ್ನ’ವೊಂದನ್ನು ಬರೆದನು, ಅದು ಅವನ ಮರಣಾನಂತರ 1634ರಲ್ಲಿ ಅಚ್ಚಾಯಿತು. ಫ್ರಾನ್ಸಿನ ಸಿರಾನೊ ದ ಬೆರ್ಜರಾಕನ ಚಂದ್ರಯಾನವೂ ಅವನು ತೀರಿಕೊಂಡ ಮೇಲೆಯೇ, 1657ರಲ್ಲಿ, ಬೆಳಕು ಕಂಡಿತು. ಆ ಚಂದ್ರಲೋಕದಲ್ಲಿ ಪದ್ಯಗಳೇ ನಾಣ್ಯ. ಊಟದ ಲೆಕ್ಕವನ್ನು ಪದ್ಯ ಕೊಟ್ಟು ತೀರಿಸಬಹುದು. ಆದರೆ ಅದರ ಬೆಲೆಯನ್ನು ಟಂಕಸಾಲೆಯ ಅಧಿಕೃತ ಕವಿಗಳು ಪರೀಕ್ಷಿಸಿ ಮೊಹರು ಒತ್ತಿರಬೇಕು. ಭೂಮಿಯಿಂದ ಬಂದ ಈ ಪ್ರಾಣಿ ಮನುಷ್ಯನೋ ರೆಕ್ಕೆಪುಕ್ಕಗಳಿಲ್ಲದ ಪಕ್ಷಿಯೋ ಎಂದು ಅಲ್ಲಿನ ವಿದ್ವಾಂಸರು ವಾದಿಸುವ ಪ್ರಸಂಗದಲ್ಲಿ, ಚರ್ಚ್ ಮತ್ತು ವಿದ್ಯಾಪೀಠಗಳ ಅಧಿಕಾರವಾಣಿಯನ್ನು ಬಹಿರಂಗವಾಗಿ ಎದುರಿಸುವುದು ಅಪಾಯಕರವಾಗಿದ್ದ ಕಾಲದ ಧೈರ್ಯವನ್ನು ಗುರುತಿಸಬೇಕು.

ಈ ಎರಡು ಸಂಪ್ರದಾಯಗಳು ಸಂಗಮಿಸಿ ಪೂರ್ಣಪ್ರವಾಹವಾದುದು ಜೊನಾಥನ್ ಸ್ವಿಫ್ಟನಲ್ಲಿ. 1726ರ ಅಕ್ಟೋಬರ್ 28ರಂದು ಲಂಡನ್ನಿನಲ್ಲಿ ಪ್ರಕಟವಾದ ‘ಗಲಿವರನ ಪ್ರವಾಸಗಳು’ ನಮ್ಮ ಶಾಲಾಪಠ್ಯಗಳಲ್ಲಿ ಸಾಮಾನ್ಯವಾಗಿ ಲಿಲಿಪುಟ್ಟಿನಲ್ಲಿಯೇ ನಿಂತುಬಿಡುವುದರಿಂದ, ಅದರ ಮೂರನೆಯ ಭಾಗ ನಮ್ಮಲ್ಲಿ ಅನೇಕರಿಗೆ ಅಪರಿಚಿತವಾಗಿಯೇ ಉಳಿದಿದೆ. ಅಯಸ್ಕಾಂತದ ಬಲದಿಂದ ಆಕಾಶದಲ್ಲಿ ತೇಲುವ ಲಪುಟ ದ್ವೀಪದ ನಿವಾಸಿಗಳು ಗಣಿತ ಮತ್ತು ಸಂಗೀತಗಳಲ್ಲಿ ಎಷ್ಟು ಮಗ್ನರೆಂದರೆ, ಎದುರಿನವನ ಮಾತನ್ನು ಆಲಿಸುವಂತೆ ಎಚ್ಚರಿಸುವುದಕ್ಕೂ ಉತ್ತರ ಕೊಡುವಂತೆ ನೆನಪಿಸುವುದಕ್ಕೂ, ಒಣ ಬಟಾಣಿ ಹಾಕಿ ಊದಿದ ಚರ್ಮದ ಚೀಲವನ್ನು ಕೋಲಿಗೆ ಕಟ್ಟಿ ಕಿವಿಗೂ ಬಾಯಿಗೂ ತಟ್ಟುವ ಸೇವಕನೊಬ್ಬನನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು. ಕುರಿಮಾಂಸ ಸಮಬಾಹು ತ್ರಿಕೋಣವಾಗಿ, ಬಾತುಕೋಳಿ ಪಿಟೀಲಿನ ಆಕಾರವಾಗಿ ಊಟಕ್ಕೆ ಬರುತ್ತದೆ. ದರ್ಜಿ ಗ್ರಾಹಕನ ಅಳತೆಯನ್ನು ಖಗೋಳದ ಉಪಕರಣದಿಂದ ತೆಗೆದುಕೊಂಡು, ಲೆಕ್ಕದ ಒಂದು ಅಂಕಿ ತಪ್ಪಿದ ಕಾರಣ ಮೈಗೆ ಒಗ್ಗದ ಉಡುಪನ್ನು ತಂದುಕೊಡುತ್ತಾನೆ. ಪ್ರಯೋಜನದ ರೇಖಾಗಣಿತ ಕೀಳೆಂಬ ಭಾವನೆಯಿಂದ ಅವರ ಮನೆಗಳಲ್ಲಿ ಒಂದು ಮೂಲೆಯೂ ಲಂಬಕೋಣವಾಗಿಲ್ಲ.

ಕೆಳಗಣ ಭೂಮಿಯ ಲಗಾಡೊ ನಗರದ ವಿದ್ಯಾಪೀಠದಲ್ಲಿ ಸೌತೆಕಾಯಿಯಿಂದ ಸೂರ್ಯಕಿರಣಗಳನ್ನು ಹಿಂಡಿ ತೆಗೆಯಲು ಎಂಟು ವರ್ಷದಿಂದ ಶ್ರಮಿಸುತ್ತಿರುವ ಪಂಡಿತನಿದ್ದಾನೆ. ಜೇಡರಹುಳುಗಳಿಂದ ರೇಷ್ಮೆ ತೆಗೆಯಲು ಯತ್ನಿಸುವವನೂ ಇದ್ದಾನೆ. ಇವು ಬರಿಯ ಸ್ವೈರಕಲ್ಪನೆಗಳಾಗಿರಲಿಲ್ಲ. 1660ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ನಿಜವಾಗಿ ಪ್ರಕಟವಾಗಿದ್ದ ಪ್ರಯೋಗಗಳಿಂದಲೇ ಸ್ವಿಫ್ಟನು ಸಾಮಗ್ರಿಯನ್ನು ಆಯ್ದುಕೊಂಡನೆಂಬುದನ್ನು ಮಾರ್ಜೊರಿ ನಿಕೋಲ್ಸನ್ ಮತ್ತು ನೋರಾ ಮೋಲರ್ ಎಂಬ ವಿದುಷಿಯರು 1937ರಲ್ಲಿ ತೋರಿಸಿಕೊಟ್ಟರು. ಜೇಡನ ರೇಷ್ಮೆಯನ್ನು ಕುರಿತ ಫ್ರೆಂಚ್ ಲೇಖನವೊಂದು ಆ ಪತ್ರಿಕೆಯಲ್ಲಿ 1710ರಲ್ಲಿಯೇ ಬಂದಿತ್ತು. ಆಗ ಆ ಸಂಸ್ಥೆಯ ಅಧ್ಯಕ್ಷನಾಗಿದ್ದವನು ನ್ಯೂಟನ್. ಅದೇ ನ್ಯೂಟನ್ ಟಂಕಸಾಲೆಯ ಅಧಿಕಾರಿಯಾಗಿ, ಐರ್ಲೆಂಡಿನ ಮೇಲೆ ಹೇರಲ್ಪಟ್ಟ ತಾಮ್ರದ ನಾಣ್ಯಗಳು ಸರಿಯಾಗಿವೆಯೆಂದು 1724ರಲ್ಲಿ ಪ್ರಮಾಣಪತ್ರ ನೀಡಿದ್ದನು; ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ ದೇವಾಲಯದ ಧರ್ಮಾಧಿಕಾರಿಯಾಗಿ ಆ ನಾಣ್ಯಗಳ ವಿರುದ್ಧ ಹೋರಾಡಿದ ಸ್ವಿಫ್ಟನಿಗೆ, ಜ್ಞಾನದ ಶಿಖರದಲ್ಲಿ ಕುಳಿತವರ ಒಂದು ಮಾತು ಕೆಳಗಿನ ಪ್ರಜೆಗಳ ಬದುಕಿನ ಮೇಲೆ ಎಷ್ಟು ಭಾರವಾಗಿ ಬೀಳಬಲ್ಲುದೆಂಬುದು ಅನುಭವದಿಂದಲೇ ತಿಳಿದಿತ್ತು.

ಸಾಹಿತ್ಯದ ದೃಷ್ಟಿಯಿಂದ ಲಗಾಡೊವಿನ ಮುಖ್ಯ ವಿಸ್ಮಯವೆಂದರೆ ಅಲ್ಲಿನ ಗ್ರಂಥಯಂತ್ರ. ಇಪ್ಪತ್ತು ಅಡಿ ಚೌಕದ ಒಂದು ಚೌಕಟ್ಟು. ಅದರಲ್ಲಿ ತಂತಿಗಳಿಂದ ಪೋಣಿಸಿದ ಮರದ ತುಂಡುಗಳು. ಪ್ರತಿ ತುಂಡಿನ ಮುಖಗಳ ಮೇಲೂ ಭಾಷೆಯ ಒಂದೊಂದು ಪದ. ಅಂಚಿನ ನಲವತ್ತು ಕಬ್ಬಿಣದ ಹಿಡಿಗಳನ್ನು ನಲವತ್ತು ಶಿಷ್ಯರು ಒಮ್ಮೆಲೇ ತಿರುಗಿಸಿದರೆ ಪದಗಳ ವಿನ್ಯಾಸವೆಲ್ಲ ಬದಲಾಗುತ್ತದೆ. ಮೂವತ್ತಾರು ಮಂದಿ ಸಾಲುಗಳನ್ನು ಓದಿ ಹೇಳಿದಂತೆ, ವಾಕ್ಯದ ತುಣುಕೆನಿಸಬಹುದಾದ ಮೂರು ನಾಲ್ಕು ಪದಗಳು ಎಲ್ಲಿಯಾದರೂ ಒಟ್ಟಿಗೆ ಬಿದ್ದಿದ್ದರೆ, ಉಳಿದ ನಾಲ್ವರು ಬರೆದುಕೊಳ್ಳುತ್ತಾರೆ. ಪ್ರತಿಭೆಯೂ ವ್ಯಾಸಂಗವೂ ಇಲ್ಲದವನು ಸಹ ಸ್ವಲ್ಪ ಮೈದುಡಿಮೆಯಿಂದ ತತ್ತ್ವಶಾಸ್ತ್ರ, ಕಾವ್ಯ, ರಾಜನೀತಿ, ಧರ್ಮಶಾಸ್ತ್ರಗಳ ಗ್ರಂಥಗಳನ್ನು ರಚಿಸಬಹುದೆಂದು ಅಲ್ಲಿನ ಆಚಾರ್ಯನು ಹೆಮ್ಮೆಪಡುತ್ತಾನೆ. ಸಾರ್ವಜನಿಕರು ಇಂತಹ ಐನೂರು ಯಂತ್ರಗಳಿಗೆ ಹಣ ಒದಗಿಸಿದರೆ ಸಕಲಶಾಸ್ತ್ರಗಳೂ ಸಂಪೂರ್ಣವಾಗುವುವೆಂಬುದು ಅವನ ಬೇಡಿಕೆ. ಸುಮಾರು ಮುನ್ನೂರು ವರ್ಷಗಳ ಮುಂದಿನವರಿಗೂ ಹಳತಾಗದ ಪ್ರಶ್ನೆಯೊಂದನ್ನು ಸ್ವಿಫ್ಟನು ಇಲ್ಲಿ ಎತ್ತಿದ್ದಾನೆ: ಪುಸ್ತಕದಂತೆ ತೋರುವುದೆಲ್ಲ ಪುಸ್ತಕವೇ?

ಅಲ್ಲಿಂದ ಮಾಂತ್ರಿಕರ ದ್ವೀಪಕ್ಕೆ ಹೋದ ಗಲಿವರನು ಲೂಸಿಯನ್ನನ ಪ್ರಶ್ನೆಯನ್ನು ಮತ್ತೊಮ್ಮೆ ಕೇಳುತ್ತಾನೆ. ಹೋಮರನನ್ನೂ ಅರಿಸ್ಟಾಟಲನನ್ನೂ ಅವರ ಸಮಸ್ತ ಭಾಷ್ಯಕಾರರೊಡನೆ ಕರೆಸಬೇಕೆಂದು ಅವನು ಕೋರಿದಾಗ, ಭಾಷ್ಯಕಾರರ ಸಂಖ್ಯೆ ಅರಮನೆಯಲ್ಲಿ ಹಿಡಿಸದೆ ನೂರಾರು ಮಂದಿ ಅಂಗಳದಲ್ಲಿ ನಿಲ್ಲಬೇಕಾಗುತ್ತದೆ. ಹೋಮರನ ಕಣ್ಣುಗಳು ಇಲ್ಲಿಯೂ ತೀಕ್ಷ್ಣವಾಗಿವೆ; ಆದರೆ ಅವನಾಗಲಿ ಅರಿಸ್ಟಾಟಲನಾಗಲಿ ಆ ಗುಂಪಿನಲ್ಲಿ ಒಬ್ಬನನ್ನೂ ಅರಿಯರು. ಮೂಲಕಾರರ ಅಭಿಪ್ರಾಯವನ್ನು ಲೋಕಕ್ಕೆ ತಪ್ಪಾಗಿ ತಿಳಿಸಿದ ಲಜ್ಜೆಯಿಂದ ಭಾಷ್ಯಕಾರರು ಪರಲೋಕದಲ್ಲಿ ಅವರಿಂದ ಬಹುದೂರದಲ್ಲಿಯೇ ವಾಸಿಸುತ್ತಾರಂತೆ. ಅರಿಸ್ಟಾಟಲನಾದರೋ ಭೌತಶಾಸ್ತ್ರದಲ್ಲಿ ತಾನು ಮಾಡಿದ ತಪ್ಪುಗಳನ್ನು ಒಪ್ಪಿಕೊಂಡು, ಈಗ ಪಂಡಿತರು ಎತ್ತಿಹಿಡಿಯುತ್ತಿರುವ ಆಕರ್ಷಣತತ್ತ್ವಕ್ಕೂ ಮುಂದೊಂದು ದಿನ ಅದೇ ಗತಿಯೆಂದು ನುಡಿಯುತ್ತಾನೆ. ದೊಡ್ಡವನು ತಪ್ಪನ್ನು ಒಪ್ಪಿಕೊಳ್ಳುತ್ತಾನೆ, ಅನುಯಾಯಿ ಒಪ್ಪಿಕೊಳ್ಳಲಾರ ಎಂಬ ವಿವೇಕ ಈ ಪ್ರಸಂಗದ ತಿರುಳು.

ಸ್ವಿಫ್ಟನ ಗ್ರಂಥ ಹೊರಬಂದ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದ ವೋಲ್ಟೇರನು, 1752ರ ‘ಮೈಕ್ರೊಮೆಗಾಸ್’ ಕಥೆಯಲ್ಲಿ ಅದೇ ಅಳತೆಗೋಲನ್ನು ಅಂತರಿಕ್ಷಕ್ಕೆ ಒಯ್ದನು. ಲುಬ್ಧಕ ನಕ್ಷತ್ರದ ಲೋಕದಿಂದ ಬಂದ ಒಂದು ಲಕ್ಷ ಇಪ್ಪತ್ತು ಸಾವಿರ ಅಡಿ ಎತ್ತರದ ಪುರುಷನೂ, ಅವನ ಮುಂದೆ ಕುಬ್ಜನೆನಿಸುವ ಆರು ಸಾವಿರ ಅಡಿಯ ಶನಿಗ್ರಹದ ವಿದ್ಯಾಪೀಠದ ಕಾರ್ಯದರ್ಶಿಯೂ ಭೂಮಿಗಿಳಿದು, ಬಾಲ್ಟಿಕ್ ಸಮುದ್ರದಲ್ಲಿ ಧ್ರುವಪ್ರದೇಶದಿಂದ ಹಿಂತಿರುಗುತ್ತಿರುವ ತತ್ತ್ವಜ್ಞರ ಹಡಗೊಂದನ್ನು ಅಂಗೈಯಲ್ಲಿ ಎತ್ತಿಕೊಳ್ಳುತ್ತಾರೆ. ನಕ್ಷತ್ರಗಳ ದೂರವನ್ನು ಕೇಳಿದಾಗ ಒಕ್ಕೊರಲಿನಿಂದ ಉತ್ತರವಿತ್ತ ಆ ಸೂಕ್ಷ್ಮಜೀವಿಗಳು, ಆತ್ಮವೆಂದರೇನೆಂದು ಕೇಳಿದೊಡನೆ ಒಬ್ಬೊಬ್ಬರು ಒಂದೊಂದು ಆಚಾರ್ಯನ ಹೆಸರು ಹಿಡಿದು ಕೂಗಾಡುತ್ತಾರೆ. ತನಗೆ ತಿಳಿಯದುದನ್ನು ತಿಳಿಯದೆಂದು ವಿನಯದಿಂದ ನುಡಿದ ಲಾಕ್‌ನ ಶಿಷ್ಯನೊಬ್ಬನು ಮಾತ್ರ ಆ ದೈತ್ಯರ ಗೌರವಕ್ಕೆ ಪಾತ್ರನಾಗುತ್ತಾನೆ. ಸೃಷ್ಟಿಯ ಸರ್ವಸ್ವವನ್ನೂ ತಿಳಿಸುವುದೆಂದು ಹೇಳಿ ಅವರು ಕೊಟ್ಟುಹೋದ ಗ್ರಂಥವನ್ನು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯಲ್ಲಿ ತೆರೆದುನೋಡಿದರೆ, ಅದರ ಹಾಳೆಗಳೆಲ್ಲ ಬರಿದು. ನ್ಯೂಟನ್ನನ ವಿಜ್ಞಾನವನ್ನು 1738ರಲ್ಲಿ ಫ್ರೆಂಚ್ ಓದುಗರಿಗೆ ವಿಶದಪಡಿಸಿದ ವೋಲ್ಟೇರನೇ ಇದನ್ನು ಬರೆದವನೆಂಬುದನ್ನು ನೆನೆದರೆ, ಈ ನಗೆ ಜ್ಞಾನದ್ವೇಷದಿಂದ ಬಂದುದಲ್ಲವೆಂಬುದು ಸ್ಪಷ್ಟವಾಗುತ್ತದೆ.

ಇತ್ತ ಲಗಾಡೊವಿನ ಯಂತ್ರವೂ ಕಥೆಯಿಂದ ಹೊರಬಂದು ನಿಜಲೋಕಕ್ಕೆ ಕಾಲಿಟ್ಟಿತು. ಲ್ಯಾಟಿನ್ ಪದ್ಯರಚನೆ ಇಂಗ್ಲೆಂಡಿನ ಉಚ್ಚವರ್ಗದ ವಿದ್ಯಾಭ್ಯಾಸದ ಕಿರೀಟವೆನಿಸಿದ್ದ ಕಾಲದಲ್ಲಿ, ಸಾಮರ್‌ಸೆಟ್ ಪ್ರಾಂತದ ಜಾನ್ ಕ್ಲಾರ್ಕ್ ಎಂಬಾತನು ‘ಯುರೇಕಾ’ ಎಂಬ ಯಂತ್ರವನ್ನು ನಿರ್ಮಿಸಿ 1845ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಪ್ರದರ್ಶನಕ್ಕಿಟ್ಟನು. ಉರುಳೆಗಳು ತಿರುಗಿದಂತೆ ಛಂದಸ್ಸೂ ವ್ಯಾಕರಣವೂ ತಪ್ಪದ ಆರು ಗಣಗಳ ಲ್ಯಾಟಿನ್ ಪಂಕ್ತಿಯೊಂದು ಸುಮಾರು ಒಂದು ನಿಮಿಷಕ್ಕೊಮ್ಮೆ ಅಕ್ಷರ ಅಕ್ಷರವಾಗಿ ಮೂಡುತ್ತಿದ್ದಿತು. ಬಾಲಕರು ವರ್ಷಗಟ್ಟಲೆ ಬೆತ್ತದೇಟು ತಿಂದು ಕಲಿಯುತ್ತಿದ್ದ ಕೌಶಲ ಉರುಳೆಗಳಿಗೆ ವಶವಾದಾಗ, ಆ ಕೌಶಲ ಮತ್ತು ಕವಿತ್ವ ಎರಡೂ ಒಂದೇ ಅಲ್ಲವೆಂಬುದು ತಾನಾಗಿ ಬಯಲಾಯಿತು. 1952ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಗಣಕಯಂತ್ರಕ್ಕೆ ಕ್ರಿಸ್ಟೊಫರ್ ಸ್ಟ್ರೇಚಿಯು ಪ್ರೇಮಪತ್ರ ಬರೆಯುವುದನ್ನು ಕಲಿಸಿದನು. ಪ್ರೀತಿಯ ನಾಮಪದಗಳನ್ನೂ ವಿಶೇಷಣಗಳನ್ನೂ ಯಾದೃಚ್ಛಿಕವಾಗಿ ಜೋಡಿಸಿ, ಯಂತ್ರ ತನ್ನ ಹೆಸರಿನ ಮೊದಲಕ್ಷರಗಳನ್ನೇ ರುಜುವಾಗಿ ಹಾಕುತ್ತಿದ್ದಿತು.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಎರಡು ಸಂಪ್ರದಾಯಗಳೂ ಹೊಸ ರೂಪ ತಾಳಿದುವು. ಅಮೆರಿಕದ ಐಸಾಕ್ ಅಸಿಮೊವನು 1954ರ ‘ಅಮರ ಕವಿ’ ಎಂಬ ಪುಟ್ಟ ಕಥೆಯಲ್ಲಿ ಷೇಕ್ಸ್‌ಪಿಯರನನ್ನು ಕಾಲಯಂತ್ರದಿಂದ ಇಂದಿನ ಜಗತ್ತಿಗೆ ತಂದು, ಷೇಕ್ಸ್‌ಪಿಯರನನ್ನೇ ಪಾಠಹೇಳುವ ಕಾಲೇಜಿನ ತರಗತಿಗೆ ಸೇರಿಸುತ್ತಾನೆ. ಪರೀಕ್ಷೆಯಲ್ಲಿ ಕವಿ ಅನುತ್ತೀರ್ಣನಾಗುತ್ತಾನೆ. ಹೋಮರನ ದ್ವೀಪದಿಂದ ಈ ತರಗತಿಯವರೆಗೆ ಒಂದೇ ದಾರ ಹರಿದುಬಂದಿದೆಯಾದರೂ ಒಂದು ಮುಖ್ಯವಾದ ವ್ಯತ್ಯಾಸವುಂಟು: ಅಂದು ಕವಿಯ ಮುಂದೆ ಭಾಷ್ಯಕಾರರು ಸೋತರು, ಇಂದು ಭಾಷ್ಯಕಾರರ ಮುಂದೆ ಕವಿಯೇ ಅವಮಾನಿತನಾದನು. ವಿದ್ಯಾಸಂಸ್ಥೆಗಳ ಅಧಿಕಾರ ಬೆಳೆದ ಬಗೆಗೆ ಇದಕ್ಕಿಂತ ತೀಕ್ಷ್ಣವಾದ ಟೀಕೆ ದೊರೆಯುವುದು ಕಷ್ಟ. ಆದರೂ ಈ ಕಥೆ ಬರೆದ ಅಸಿಮೊವನೇ 1970ರಲ್ಲಿ ಷೇಕ್ಸ್‌ಪಿಯರನ ನಾಟಕಗಳಿಗೆ ಎರಡು ಸಂಪುಟಗಳ ಕೈಪಿಡಿ ರಚಿಸಿ, ಸಾಮಾನ್ಯ ಓದುಗನನ್ನು ಕವಿಯ ಬಳಿಗೆ ಕರೆದೊಯ್ಯುವ ಭಾಷ್ಯಕಾರನಾದನು.

ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್‌ನು 1965ರ ‘ಸೈಬೀರಿಯಾಡ್’ ಗ್ರಂಥದಲ್ಲಿ ಕವಿಯಂತ್ರದ ಸಂಪ್ರದಾಯವನ್ನು ಅದರ ತುದಿಗೆ ಮುಟ್ಟಿಸಿದನು. ಟ್ರುರ್ಲ್ ಎಂಬ ಯಂತ್ರಶಿಲ್ಪಿ ಕವಿಯಂತ್ರವನ್ನು ಕಟ್ಟಲು 820 ಟನ್ ಯಂತ್ರಶಾಸ್ತ್ರದ ಗ್ರಂಥಗಳನ್ನೂ 12,000 ಟನ್ ಕಾವ್ಯವನ್ನೂ ಓದಿ, ಕೊನೆಗೆ ಒಂದು ಸತ್ಯವನ್ನು ಕಂಡುಕೊಳ್ಳುತ್ತಾನೆ: ಕವಿಯ ತಲೆಯಲ್ಲಿರುವುದನ್ನು ಅಲ್ಲಿಟ್ಟದ್ದು ಅವನ ನಾಗರಿಕತೆ, ಆ ನಾಗರಿಕತೆಯನ್ನು ರೂಪಿಸಿದ್ದು ಅದರ ಹಿಂದಿನದು, ಆದುದರಿಂದ ಒಬ್ಬ ಕವಿಯನ್ನು ನಿರ್ಮಿಸಬೇಕಾದರೆ ವಿಶ್ವದ ಆದಿಯಿಂದ ಇಡೀ ಸೃಷ್ಟಿಯನ್ನು ಯಂತ್ರದೊಳಗೆ ಮರಳಿ ನಡೆಸಬೇಕು. ಹಾಗೆ ಸಿದ್ಧವಾದ ಯಂತ್ರ, ಉಚ್ಚಗಣಿತದ ಪರಿಭಾಷೆಯಲ್ಲಿ ಪ್ರೇಮಗೀತೆ ರಚಿಸೆಂದರೆ ಒಡನೆಯೇ ರಚಿಸುತ್ತದೆ. ಸವಾಲು ಹಾಕಿದ ಉತ್ತಮ ಕವಿಗಳನ್ನು ಹತಾಶರನ್ನಾಗಿ ಮಾಡುತ್ತದೆ. ಕಳಪೆ ಕವಿಗಳಿಗೆ ಮಾತ್ರ ಅದರಿಂದ ಹಾನಿಯಾಗುವುದಿಲ್ಲ. ಒಳ್ಳೆಯ ಪದ್ಯವನ್ನೂ ಕೆಟ್ಟ ಪದ್ಯವನ್ನೂ ಬೇರ್ಪಡಿಸಲಾರದ ಅವರಿಗೆ ತಾವು ಸೋತುದೇ ತಿಳಿಯುವುದಿಲ್ಲ. ಲೆಮ್ ಮುಂದೆ 1971ರಲ್ಲಿ, ಯಾರೂ ಬರೆಯದ ಗ್ರಂಥಗಳ ವಿಮರ್ಶೆಗಳನ್ನೇ ಒಂದು ಪುಸ್ತಕವಾಗಿ ಪ್ರಕಟಿಸಿ, ಮೂಲಗ್ರಂಥವಿಲ್ಲದೆಯೂ ವಿಮರ್ಶೆಯ ವಾಕ್ಚಾತುರ್ಯ ಹೇಗೆ ನಿಲ್ಲಬಲ್ಲುದೆಂಬುದನ್ನು ತೋರಿಸಿದನು.

1978ರ ಮಾರ್ಚ್ 8ರಂದು ಬಿ.ಬಿ.ಸಿ. ರೇಡಿಯೋದಲ್ಲಿ ಆರಂಭವಾದ ಡಗ್ಲಸ್ ಆಡಮ್ಸನ ಗಗನಪ್ರವಾಸದ ನಾಟಕ ಈ ಪರಂಪರೆಯನ್ನು ಲಕ್ಷಾಂತರ ಸಾಮಾನ್ಯ ಶ್ರೋತೃಗಳ ಮನೆಗೆ ತಲುಪಿಸಿತು. ಕೇಂಬ್ರಿಡ್ಜಿನಲ್ಲಿ ಇಂಗ್ಲಿಷ್ ಸಾಹಿತ್ಯ ವ್ಯಾಸಂಗಮಾಡಿದ್ದ ಆಡಮ್ಸನಿಗೆ ವಿಮರ್ಶೆಯ ಪರಿಭಾಷೆ ಚೆನ್ನಾಗಿ ಕೈವಶವಾಗಿದ್ದಿತು. ವೋಗನ್ ಎಂಬ ಜಾತಿಯ ನೌಕಾಧಿಪತಿ ತನ್ನ ಸೆರೆಯಾಳುಗಳಿಬ್ಬರನ್ನು ಕುರ್ಚಿಗೆ ಬಿಗಿಸಿ, ಬ್ರಹ್ಮಾಂಡದಲ್ಲಿಯೇ ಮೂರನೆಯ ಅಧಮಸ್ಥಾನ ಪಡೆದ ಕಾವ್ಯವನ್ನು ಅವರಿಗೆ ಓದಿ ಕೇಳಿಸಿ, ಅದು ಎಷ್ಟು ಚೆನ್ನಾಗಿದೆಯೆಂದು ಹೇಳುತ್ತೀರೋ, ಅಂತರಿಕ್ಷದ ಶೂನ್ಯದಲ್ಲಿ ಸಾಯುತ್ತೀರೋ ಎಂದು ಕೇಳುತ್ತಾನೆ. ಸೆರೆಯಾಳು ಆ ಪದ್ಯದ ಪ್ರತಿಮೆಗಳನ್ನೂ ಲಯವನ್ನೂ ಅಂತರಾಳದ ಮಾನವೀಯತೆಯನ್ನೂ ಪಂಡಿತರ ಧಾಟಿಯಲ್ಲಿ ಹೊಗಳುತ್ತಾನೆ. ಆ ಹೊಗಳಿಕೆಯಿಂದ ಪ್ರಯೋಜನವಾಗುವುದಿಲ್ಲ, ಇಬ್ಬರನ್ನೂ ಹೊರಗೆಸೆಯಲಾಗುತ್ತದೆ.

ಇಷ್ಟು ದೀರ್ಘವಾದ ಇತಿಹಾಸದಲ್ಲಿ ಏಕಸೂತ್ರವಾಗಿ ನಡೆದುಬಂದಿರುವುದು ಪ್ರಯೋಗದ ತತ್ತ್ವವೆಂದು ನನ್ನ ತಿಳಿವಳಿಕೆ. ಭೌತವಿಜ್ಞಾನಿಯ ಹೇಳಿಕೆಯನ್ನು ಪ್ರಯೋಗಶಾಲೆಯಲ್ಲಿ ಒರೆಹಚ್ಚಬಹುದು. ಆದರೆ ಕವಿಹೃದಯ ತನಗೊಬ್ಬನಿಗೇ ಗೊತ್ತೆನ್ನುವ ಭಾಷ್ಯಕಾರನನ್ನಾಗಲಿ, ಅಲಂಕಾರದ ಕಸರತ್ತನ್ನೇ ಕಾವ್ಯವೆನ್ನುವ ಪಂಡಿತನನ್ನಾಗಲಿ ಪರೀಕ್ಷೆಗೆ ಒಳಪಡಿಸುವ ಸಾಧನ ಲೋಕದಲ್ಲಿಲ್ಲ. ಆ ಸಾಧನವನ್ನು ಕಲ್ಪನೆಯಿಂದ ನಿರ್ಮಿಸಿಕೊಟ್ಟವರು ಈ ಲೇಖಕರು. ಅವರ ಪರೀಕ್ಷೆಯಲ್ಲಿ ಸೋತದ್ದು ಡಂಭ. ಹೋಮರನಿಗಾಗಲಿ ಷೇಕ್ಸ್‌ಪಿಯರನಿಗಾಗಲಿ ಒಂದಿಷ್ಟೂ ಕುಂದು ಬರಲಿಲ್ಲ. ಕವಿಯೊಬ್ಬನ ಹಿಂದೆ ಸಮಸ್ತ ಸೃಷ್ಟಿಯೂ ನಿಂತಿದೆಯೆಂದು ತೋರಿಸಿದ ಲೆಮ್‌ನು ಕಾವ್ಯಕ್ಕೆ ಸಲ್ಲಿಸಿದ ಗೌರವ, ಕವಿತ್ವವನ್ನು ದೈವದತ್ತವೆಂದು ಕೈಮುಗಿದು ಸುಮ್ಮನಾಗುವವರ ಗೌರವಕ್ಕಿಂತ ಹೆಚ್ಚಿನದು. ಈಗ ಪದಗಳನ್ನು ಜೋಡಿಸುವ ಯಂತ್ರಗಳು ನಿಜವಾಗಿಯೇ ಮನೆಮನೆಗೆ ಬಂದಿರುವಾಗ, ಲಗಾಡೊವಿನ ಆಚಾರ್ಯನ ಹೆಮ್ಮೆಯಾಗಲಿ, ವೋಗನ್ನನ ಸೆರೆಯಾಳಿನ ಮುಖಸ್ತುತಿಯಾಗಲಿ ನಮಗೆ ಶೋಭಿಸುವುದಿಲ್ಲ. ಒಳ್ಳೆಯ ಪದ್ಯವನ್ನು ಕೆಟ್ಟದ್ದರಿಂದ ಬೇರ್ಪಡಿಸಿ ಹೇಳುವ ಕೆಲಸ ಓದುಗನದು. ಅದನ್ನು ಭಾಷ್ಯಕಾರನಿಗೂ ಒಪ್ಪಿಸದೆ, ಯಂತ್ರಕ್ಕೂ ಒಪ್ಪಿಸದೆ, ಓದಿನ ಶ್ರಮದಿಂದ ತಾನೇ ನಿರ್ವಹಿಸುವವನಿಗೆ ಮಾತ್ರ ಈ ನಗೆಗಾರರ ಪರಂಪರೆ ಪೂರ್ಣವಾಗಿ ಫಲಿಸುತ್ತದೆ.